ಅವರಿಗೆ ವಕಾಲತ್ತು ಕೊಟ್ಟವರು ಯಾರು?

ಮುಂಬಯಿಯ ಮರೀನ್ ಲೈನ್ಸ್ ಸ್ಟೇಷನ್ ಹತ್ತಿರ ಒಂದು ದೊಡ್ಡ ಕಬರಸ್ತಾನ ಇದೆ. ಜನ ಕರೆಯುವುದೂ ಬಡಾ ಕಬರಸ್ತಾನ ಅಂತಲೇ. ಕಾಮಾ ಆಸ್ಪತ್ರೆ, ಮೆಟ್ರೊ ಸಿನಿಮಾ ಅಲ್ಲಿಂದ ಬಹಳ ದೂರವೇನಲ್ಲ. 2008ರ ನವೆಂಬರ್ 26ರ ರಾತ್ರಿ ಆ ಎರಡೂ ಕಡೆ ಗುಂಡು ಹಾರಿತ್ತು. ಸಮುದ್ರದ ದಾರಿಯಲ್ಲಿ ಬಂದ ಹತ್ತು ಜನ ಮೂರು ದಿನ ನಗರವನ್ನು ನಡುಗಿಸಿ 166 ಜನರನ್ನು ಕೊಂದರು. ಹತ್ತರಲ್ಲಿ ಒಂಬತ್ತು ಜನ ಸತ್ತರು, ಕಸಬ್ ಒಬ್ಬ ಸೆರೆ ಸಿಕ್ಕ. ಆ ಒಂಬತ್ತು ಹೆಣಗಳನ್ನು ಎಲ್ಲಿ ಹೂಳುವುದು ಎಂಬ ಪ್ರಶ್ನೆ ಬಂತು. ಕಬರಸ್ತಾನ ನೋಡಿಕೊಳ್ಳುವ ಜಾಮಾ ಮಸೀದಿ ಟ್ರಸ್ಟ್ ಒಂದೇ ಮಾತು ಹೇಳಿತು: ಇಲ್ಲಿ ಜಾಗ ಇಲ್ಲ. ಅಮಾಯಕರನ್ನು ಕೊಂದವರನ್ನು ನಾವು ಮುಸ್ಲಿಮರು ಅಂತ ಒಪ್ಪುವುದಿಲ್ಲ.

ಬೇರೆ ಮುಸ್ಲಿಂ ಸಂಘಟನೆಗಳೂ ದನಿಗೂಡಿಸಿದವು. ಪಾಕಿಸ್ತಾನ ಹೆಣಗಳನ್ನು ತೆಗೆದುಕೊಳ್ಳಲಿಲ್ಲ. ಒಂದು ವರ್ಷಕ್ಕೂ ಹೆಚ್ಚು ಕಾಲ ಅವು ಜೆ.ಜೆ. ಆಸ್ಪತ್ರೆಯ ಶವಾಗಾರದಲ್ಲೇ ಇದ್ದವು. ಕೊನೆಗೆ 2010ರ ಜನವರಿಯಲ್ಲಿ ಸರ್ಕಾರವೇ ಯಾರಿಗೂ ತಿಳಿಸದೆ ಎಲ್ಲೋ ಹೂಳಿತು. ಅದನ್ನು ಮಹಾರಾಷ್ಟ್ರದ ಗೃಹ ಸಚಿವ ಆರ್.ಆರ್. ಪಾಟೀಲ್ ಬಾಯಿಬಿಟ್ಟು ಹೇಳಿದ್ದು ಏಪ್ರಿಲ್‌ನಲ್ಲಿ.

ಇದೊಂದು ಸಣ್ಣ ಸುದ್ದಿಯ ಹಾಗೆ ಬಂದು ಹೋಯಿತು. ನನಗೆ ಮಾತ್ರ ಇವತ್ತಿಗೂ ಇದು ಸಣ್ಣದು ಅನಿಸುವುದಿಲ್ಲ. ಯಾಕೆ ಅಂದರೆ, ಇಸ್ಲಾಮಿನಲ್ಲಿ ಹೆಣಕ್ಕೆ ಮಣ್ಣು ಕೊಡುವುದು ಮನೆಯವರಿಗಷ್ಟೇ ಸೇರಿದ ಕೆಲಸ ಅಲ್ಲ. ಸತ್ತವನ ಮೈ ತೊಳೆದು, ಕಫನ್ ಸುತ್ತಿ, ಜನಾಝಾ ನಮಾಜ್ ಮಾಡಿ, ದಫನ್ ಮಾಡುವುದು ಇಡೀ ಸಮುದಾಯದ ಹೊಣೆ. ಇದಕ್ಕೆ ಫರ್ಜ್ ಕಿಫಾಯಾ ಅನ್ನುತ್ತಾರೆ. ನಾಲ್ಕು ಜನ ಮಾಡಿದರೆ ಎಲ್ಲರ ಹೊಣೆಯೂ ತೀರಿತು. ಯಾರೂ ಮಾಡದಿದ್ದರೆ ಪಾಪ ಎಲ್ಲರ ತಲೆಗೂ. ನಮ್ಮ ಬೀದಿಯಲ್ಲಿ ಒಬ್ಬರು ಅಜ್ಜ ತೀರಿಕೊಂಡಾಗ ನಾನೂ ಮಯ್ಯತ್‌ಗೆ ಹೋಗಿದ್ದೆ. ಡೋಲಿ ಮುಖ್ಯ ರಸ್ತೆಗೆ ಬಂದ ಕೂಡಲೇ ಅಂಗಡಿಗಳವರು ಶಟರ್ ಅರ್ಧ ಎಳೆದು ಇಳಿದು ಬಂದರು. ಗ್ಯಾರೇಜಿನ ಹುಡುಗರು ಕೈಯ ಗ್ರೀಸು ಒರೆಸಿಕೊಳ್ಳುತ್ತಲೇ ಓಡಿ ಬಂದರು. ಹತ್ತು ಹೆಜ್ಜೆ ಹೆಗಲು ಕೊಡುವುದು, ಇನ್ನೊಬ್ಬರಿಗೆ ಬಿಟ್ಟು ಸರಿಯುವುದು. ಸತ್ತವರ ಹೆಸರೂ ಗೊತ್ತಿಲ್ಲದವರು ಅದರಲ್ಲಿ ಎಷ್ಟೋ ಜನ. ಕೊನೆಗೆ ಎಲ್ಲರೂ ಮೂರು ಮೂರು ಹಿಡಿ ಮಣ್ಣು ಹಾಕಿದರು. ಗುರುತಿಲ್ಲದವನಿಗೂ ಇಷ್ಟು ಮಾಡುವ ಜನ, ಒಂಬತ್ತು ಹೆಣಗಳ ಎದುರು ಗೇಟು ಹಾಕಿದರು. ಅವರ ಪಾಲಿಗೆ ಅದಕ್ಕಿಂತ ದೊಡ್ಡ ಮಾತು ಹೇಳುವುದಕ್ಕೆ ಬೇರೆ ದಾರಿ ಇರಲಿಲ್ಲ.

ನಿಜ ಹೇಳಬೇಕೆಂದರೆ ಆ ತೀರ್ಮಾನವನ್ನು ನನ್ನ ಮನಸ್ಸು ಪೂರ್ತಿ ಒಪ್ಪುವುದಿಲ್ಲ. ಸತ್ತ ಮೇಲೆ ಯಾರಿಗಾದರೂ ಆರಡಿ ಮೂರಡಿ ಸಿಗಬೇಕು ಎಂದು ನಂಬಿದವನು ನಾನು. ಆದರೂ ಆ ಟ್ರಸ್ಟಿನವರು ಏನು ಹೇಳುತ್ತಿದ್ದರು ಎಂಬುದು ನನಗೆ ಸ್ಪಷ್ಟವಾಗಿ ಕೇಳಿಸುತ್ತದೆ. ಬಂದೂಕು ಹಿಡಿದು ಬಂದವರು ತಮ್ಮನ್ನು ಇಡೀ ಧರ್ಮದ ವಕೀಲರು ಎಂದುಕೊಂಡಿದ್ದರು. ಯಾರ ಹೆಸರಿನಲ್ಲಿ ಬಂದರೋ ಆ ಜನವೇ, ನಿಮಗೆ ವಕಾಲತ್ತು ಕೊಟ್ಟವರು ಯಾರು ಎಂದು ಕೇಳಿತು. ಅದೇ ಡಿಸೆಂಬರ್‌ನಲ್ಲಿ ಬಕ್ರೀದ್ ಬಂತು. ಮುಂಬಯಿಯ ಎಷ್ಟೋ ಮುಸ್ಲಿಮರು ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಈದ್ ನಮಾಜಿಗೆ ಹೋದರು. ಸಿಎಸ್‌ಟಿ ಸ್ಟೇಷನ್ನಿನಲ್ಲಿ ಊರಿಗೆ ಹೊರಟು ರೈಲು ಕಾಯುತ್ತಿದ್ದಾಗ ಗುಂಡಿಗೆ ಸಿಕ್ಕವರಲ್ಲಿ ಮುಸ್ಲಿಂ ಕುಟುಂಬಗಳೂ ಇದ್ದವು ಎಂಬುದನ್ನೂ ಮರೆಯಬಾರದು.

ಉಗ್ರರ ದಾಳಿ ಆದಾಗಲೆಲ್ಲ ಎರಡು ಮಾತು ಕೇಳುತ್ತೇವೆ. ಒಂದು, "ಇದಕ್ಕೂ ಇಸ್ಲಾಮಿಗೂ ಸಂಬಂಧವೇ ಇಲ್ಲ." ಇನ್ನೊಂದು, "ಇದೇ ಇಸ್ಲಾಂ, ಉಳಿದದ್ದೆಲ್ಲ ಮುಖವಾಡ." ನಾನು ಎರಡನ್ನೂ ಒಪ್ಪುವುದಿಲ್ಲ.

ಮೊದಲನೆಯದು ಒಳ್ಳೆಯ ಮನಸ್ಸಿನಿಂದ ಬಂದ ಮಾತು, ಆದರೆ ಪೂರ್ತಿ ನಿಜ ಅಲ್ಲ. ಆ ಗುಂಪುಗಳು ಕುರಾನಿನ ಸಾಲುಗಳನ್ನೇ ಹೇಳುತ್ತವೆ. ಮುಂಬಯಿ ದಾಳಿಯ ಹಿಂದಿದ್ದ ಲಷ್ಕರ್ ಗುಂಪನ್ನು ಕಟ್ಟಿದ ಹಫೀಜ್ ಸಯೀದ್ ಲಾಹೋರಿನ ಎಂಜಿನಿಯರಿಂಗ್ ವಿಶ್ವವಿದ್ಯಾಲಯದಲ್ಲಿ ಇಸ್ಲಾಂ ಧರ್ಮದ ಪಾಠ ಮಾಡುತ್ತಿದ್ದವನು. ಐಸಿಸ್ ಎಂಬ ಉಗ್ರರ ಗುಂಪಿನ ನಾಯಕ ಬಗ್ದಾದಿ ಕುರಾನ್ ಅಧ್ಯಯನದಲ್ಲೇ ಡಾಕ್ಟರೇಟ್ ಪಡೆದವನು. ಇವರಿಗೆ ಧರ್ಮವೇ ಗೊತ್ತಿಲ್ಲ ಎಂದು ತಳ್ಳಿಹಾಕಿದರೆ ಎದುರಿನವರು ಒಂದೇ ನಿಮಿಷದಲ್ಲಿ ಬಾಯಿ ಮುಚ್ಚಿಸುತ್ತಾರೆ.

ಎರಡನೆಯದು ಇನ್ನೂ ಜಾಸ್ತಿ ತಪ್ಪು. 2011ರ ಜನಗಣತಿಯಂತೆ ನಮ್ಮ ದೇಶದಲ್ಲೇ 17 ಕೋಟಿಗೂ ಹೆಚ್ಚು ಮುಸ್ಲಿಮರಿದ್ದಾರೆ. ಬಗ್ದಾದಿ ಹೇಳಿದ್ದೇ ಆ ಧರ್ಮದ ತಿರುಳಾಗಿದ್ದರೆ ನಾವು ಯಾರೂ ಇಷ್ಟು ಹೊತ್ತಿಗೆ ಹೀಗೆ ಕೂತು ಓದುತ್ತ ಬರೆಯುತ್ತ ಇರುತ್ತಿರಲಿಲ್ಲ. 2014ರಲ್ಲಿ ಬಗ್ದಾದಿ ತನ್ನನ್ನು ಖಲೀಫ, ಅಂದರೆ ಎಲ್ಲ ಮುಸ್ಲಿಮರ ನಾಯಕ, ಎಂದು ಕರೆದುಕೊಂಡ ಕೆಲವೇ ತಿಂಗಳಿಗೆ ಬೇರೆ ಬೇರೆ ದೇಶಗಳ 120ಕ್ಕೂ ಹೆಚ್ಚು ವಿದ್ವಾಂಸರು ಅವನಿಗೆ ಬಹಿರಂಗ ಪತ್ರ ಬರೆದರು. ಅವನು ಎತ್ತಿ ಹೇಳುವ ಸಾಲುಗಳನ್ನೇ ಇಟ್ಟುಕೊಂಡು, ಇದಕ್ಕೆ ಹಿಂದೆ ಏನಿದೆ, ಮುಂದೆ ಏನಿದೆ, ನಮ್ಮ ಹಿರಿಯರು ಇದನ್ನು ಹೇಗೆ ಓದಿದರು ಎಂದು ಒಂದೊಂದಾಗಿ ಬಿಡಿಸಿ ಹೇಳಿದರು. ಯುದ್ಧದಲ್ಲೂ ಹೆಂಗಸರು, ಮಕ್ಕಳು, ಮುದುಕರ ಮೇಲೆ ಕೈ ಮಾಡಬೇಡಿ, ಹಣ್ಣಿನ ಮರ ಕಡಿಯಬೇಡಿ, ಮಠಗಳಲ್ಲಿ ಕೂತ ಸನ್ಯಾಸಿಗಳನ್ನು ಅವರ ಪಾಡಿಗೆ ಬಿಡಿ ಎಂದು ಮೊದಲ ಖಲೀಫ ಅಬೂಬಕರ್ ತನ್ನ ಸೇನೆಗೆ ಹೇಳಿ ಕಳಿಸಿದ ಮಾತು ಆ ಪರಂಪರೆಯಲ್ಲಿ ಎಲ್ಲರಿಗೂ ಗೊತ್ತು. ಸಾವಿರಕ್ಕೂ ಹೆಚ್ಚು ವರ್ಷದ ಓದು, ವಾದ, ನಿಬಂಧನೆ ಎಲ್ಲವನ್ನೂ ದಾಟಿ, ತನಗೆ ಬೇಕಾದ ನಾಲ್ಕು ಸಾಲು ಹೆಕ್ಕಿಕೊಳ್ಳುವವನು ಪಂಡಿತನಾದರೂ ಅಷ್ಟೇ, ಪಾಮರನಾದರೂ ಅಷ್ಟೇ.

ಈ ಜಾತಿಯ ಜನ ಇಸ್ಲಾಮಿಗೆ ಹೊಸಬರೂ ಅಲ್ಲ. ಪ್ರವಾದಿ ತೀರಿಕೊಂಡು ಮೂವತ್ತು ವರ್ಷ ಆಗುವ ಮೊದಲೇ ಖಾರಿಜಿಗಳು ಹುಟ್ಟಿಕೊಂಡರು. ಖಲೀಫ ಅಲಿಯ ಸೇನೆಯಲ್ಲೇ ಇದ್ದವರು ಅವರು. ಅಲಿ ಸಂಧಾನಕ್ಕೆ ಒಪ್ಪಿದ್ದೇ ತಪ್ಪು, ತೀರ್ಪು ಕೊಡುವವನು ದೇವರೊಬ್ಬನೇ ಎಂದು ಹೊರಬಿದ್ದರು. ತಮ್ಮನ್ನು ಒಪ್ಪದ ಮುಸ್ಲಿಮರೆಲ್ಲ ಕಾಫಿರರು ಎಂದರು. ಅವರ ಬಗ್ಗೆ ಹಳೆಯ ಅರಬ್ ಚರಿತ್ರೆಕಾರರು ಬರೆದಿಟ್ಟ ಒಂದು ಪ್ರಸಂಗ ಇದೆ. ದಾರಿಯಲ್ಲಿ ಹೋಗುವಾಗ ಅವರಲ್ಲಿ ಒಬ್ಬ ಮರದಿಂದ ಬಿದ್ದ ಖರ್ಜೂರ ಎತ್ತಿ ಬಾಯಿಗೆ ಹಾಕಿಕೊಂಡ. ಇನ್ನೊಬ್ಬ ಗದರಿದ: ಯಾರದೋ ತೋಟದ್ದು, ದುಡ್ಡು ಕೊಟ್ಟಿಲ್ಲ, ಕೇಳಿಲ್ಲ, ತಿನ್ನುವುದು ಹೇಗೆ? ಅವನು ತಕ್ಷಣ ಉಗುಳಿಬಿಟ್ಟ. ಮತ್ತೊಬ್ಬ ದಾರಿಯಲ್ಲಿ ಸಿಕ್ಕ ಹಂದಿಯೊಂದನ್ನು ಕಡಿದ. ಅದು ಮುಸ್ಲಿಮನಲ್ಲದ ಒಬ್ಬನ ಹಂದಿ. ಇದು ಅನ್ಯಾಯ ಎಂದು ಜೊತೆಯವರು ಆಕ್ಷೇಪಿಸಿದರು. ಹಂದಿಯ ಒಡೆಯನನ್ನು ಹುಡುಕಿ ಸಮಾಧಾನ ಮಾಡಿ ಬಂದ. ಇಷ್ಟೆಲ್ಲ ನೇಮ ಪಾಲಿಸಿದ ಆ ಜನವೇ ಪ್ರವಾದಿಯ ಸಂಗಾತಿಯೊಬ್ಬರ ಮಗ ಇಬ್ನ್ ಖಬ್ಬಾಬ್‌ನನ್ನು, ಅವನು ಅಲಿಯ ಬಗ್ಗೆ ಒಳ್ಳೆಯ ಮಾತಾಡಿದ ಎಂಬ ಕಾರಣಕ್ಕೆ, ನೀರಿನ ದಡದಲ್ಲಿ ಮಲಗಿಸಿ ಕತ್ತು ಕೊಯ್ದರು. ತುಂಬು ಬಸುರಿಯಾಗಿದ್ದ ಅವನ ಹೆಂಡತಿಯನ್ನೂ ಬಿಡಲಿಲ್ಲ. 661ರಲ್ಲಿ ಕೂಫಾದ ಮಸೀದಿಯಲ್ಲಿ ಅಲಿಯನ್ನೇ ಕೊಂದವನೂ ಇದೇ ಪಂಗಡದವನು.

ಈ ಪ್ರಸಂಗ ಓದಿದಾಗಿನಿಂದ "ಉಗ್ರ ಎಂದರೆ ಧರ್ಮಭ್ರಷ್ಟ" ಎಂಬ ಮಾತನ್ನು ನಾನು ಬಿಟ್ಟಿದ್ದೇನೆ. ಆ ಮನುಷ್ಯನ ಭಕ್ತಿ ಸುಳ್ಳಲ್ಲ. ಖರ್ಜೂರದ ವಿಷಯದಲ್ಲಿ ಅವನು ನಿಜವಾಗಿಯೂ ಹೆದರಿದ್ದ. ಭಯಾನಕವಾದದ್ದೇ ಅದು. ಆದರೆ ಆ ಕಥೆಯನ್ನು ಉಳಿಸಿದವರು ಯಾರು? ಮುಸ್ಲಿಂ ಚರಿತ್ರೆಕಾರರೇ. ಖಾರಿಜಿಗಳ ಹಾಗೆ ಆಗಬೇಡಿ ಎಂದು ಉಲೇಮಾಗಳು, ಅಂದರೆ ಧರ್ಮದ ಪಂಡಿತರು, ಸಾವಿರದ ಮುನ್ನೂರು ವರ್ಷಗಳಿಂದ ಹೇಳುತ್ತಲೇ ಬಂದಿದ್ದಾರೆ. ರೋಗವೂ ಆ ಮನೆಯದೇ, ಅದನ್ನು ಗುರುತಿಸಿದ ಕಣ್ಣೂ ಆ ಮನೆಯದೇ.

ಇನ್ನು ಸಾಯುವವರ ಲೆಕ್ಕಕ್ಕೆ ಬರೋಣ. 2014ರ ಡಿಸೆಂಬರ್ 16ರಂದು ತಾಲಿಬಾನಿಗಳು ಪೇಶಾವರದ ಸೈನಿಕ ಶಾಲೆಗೆ ನುಗ್ಗಿ 130ಕ್ಕೂ ಹೆಚ್ಚು ಮಕ್ಕಳನ್ನು ಕೊಂದರು. 2017ರ ನವೆಂಬರ್‌ನಲ್ಲಿ ಈಜಿಪ್ಟಿನ ಸಿನಾಯ್‌ನಲ್ಲಿ ಶುಕ್ರವಾರದ ನಮಾಜಿಗೆ ಸೇರಿದ್ದ 300ಕ್ಕೂ ಹೆಚ್ಚು ಜನ ಮಸೀದಿಯಲ್ಲೇ ಹೆಣವಾದರು. ಅದೇ ವರ್ಷ ಫೆಬ್ರವರಿಯಲ್ಲಿ ಸಿಂಧ್ ಪ್ರಾಂತ್ಯದ ಸೆಹ್ವಾನ್‌ನಲ್ಲಿ, ಲಾಲ್ ಶಹಬಾಜ್ ಕಲಂದರ್ ದರ್ಗಾದಲ್ಲಿ ಸಂಜೆಯ ಧಮಾಲ್, ಅಂದರೆ ಸೂಫಿ ಭಕ್ತರ ಕುಣಿತ, ನಡೆಯುವಾಗ ಬಾಂಬು ಸಿಡಿದು 80ಕ್ಕೂ ಹೆಚ್ಚು ಜನ ಸತ್ತರು. ಮಾರನೆಯ ಬೆಳಗಿನ ಜಾವ, ರಕ್ತ ಇನ್ನೂ ಆರಿರಲಿಲ್ಲ, ದರ್ಗಾ ನೋಡಿಕೊಳ್ಳುವವರು ದಿನದ ರೂಢಿಯಂತೆ ಗಂಟೆ ಬಾರಿಸಿದರು. ಧಮಾಲ್ ನಿಲ್ಲಿಸುವುದಿಲ್ಲ ಎಂದರು.

ನಮ್ಮ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಮೊಹರಮ್ ಬಂದರೆ ಅಲಾಯಿ ಕುಣಿ ತೋಡುತ್ತಾರೆ, ಪಂಜಾ ಕೂರಿಸುತ್ತಾರೆ, ರಿವಾಯತ್ ಪದ ಹಾಡುತ್ತಾರೆ. ಮುಸ್ಲಿಮರ ಮನೆ ಒಂದೂ ಇಲ್ಲದ ಊರಲ್ಲೂ ನಡೆಯುತ್ತದೆ. ಕಲಬುರಗಿಯ ಬಂದೇನವಾಜರ ಉರುಸಿಗೆ ಯಾರು ಹೋಗುವುದಿಲ್ಲ ಹೇಳಿ? ಐಸಿಸ್‌ನಂಥವರ ಲೆಕ್ಕದಲ್ಲಿ ಇದೆಲ್ಲ ಶಿರ್ಕ್, ಅಂದರೆ ದೇವರ ಪಕ್ಕದಲ್ಲಿ ಇನ್ನೊಬ್ಬರನ್ನು ಇಡುವ ಮಹಾಪಾಪ. ಅಂಥವರು ಇಲ್ಲಿಗೆ ಬಂದರೆ ಮೊದಲು ಒಡೆಯುವುದು ಇವನ್ನೇ. ತಮ್ಮ ಧರ್ಮದ ಹೆಚ್ಚಿನ ಜನರನ್ನು ಮುಸ್ಲಿಮರು ಅಂತಲೇ ಎಣಿಸದವರು ಆ ಜನರ ಪ್ರತಿನಿಧಿಗಳಾಗುವುದು ಹೇಗೆ?

ಇಷ್ಟಕ್ಕೇ ನಿಲ್ಲಿಸಿದ್ದರೆ ಬರಹ ಸಲೀಸಾಗಿ ಮುಗಿಯುತ್ತಿತ್ತು. ಸೂಫಿಗಳು ಒಳ್ಳೆಯವರು, ಉಳಿದ ಕೆಲವರು ಕೆಟ್ಟವರು ಅಂತ. ಆದರೆ ಸಲ್ಮಾನ್ ತಾಸೀರ್ ಕೊಲೆ ನೆನಪಾಗುತ್ತದೆ. ಪಾಕಿಸ್ತಾನದ ಪಂಜಾಬ್ ಪ್ರಾಂತ್ಯದ ರಾಜ್ಯಪಾಲ ಆತ. ಧರ್ಮನಿಂದೆಯ ಆರೋಪದಲ್ಲಿ ಮರಣದಂಡನೆಗೆ ಗುರಿಯಾಗಿದ್ದ ಕ್ರೈಸ್ತ ಹೆಣ್ಣುಮಗಳು ಆಸಿಯಾ ಬೀಬಿಯ ಪರವಾಗಿ ಮಾತಾಡಿದರು. 2011ರ ಜನವರಿ 4ರಂದು ಅವರ ಕಾವಲಿಗಿದ್ದ ಮುಮ್ತಾಜ್ ಕಾದ್ರಿಯೇ ಅವರನ್ನು ಗುಂಡಿಟ್ಟು ಕೊಂದ. ಅವನನ್ನು ಕೋರ್ಟಿಗೆ ಕರೆತಂದಾಗ ವಕೀಲರು ಗುಲಾಬಿ ಎಸಳು ಎರಚಿದರು. 2016ರಲ್ಲಿ ಗಲ್ಲಿಗೇರಿಸಿದಾಗ ರಾವಲ್ಪಿಂಡಿಯ ಜನಾಝಾಕ್ಕೆ ಜನಸಾಗರ ಸೇರಿತು. ಕಾದ್ರಿ ದರ್ಗಾಗಳನ್ನು ಒಡೆಯುವ ಪಂಗಡದವನಲ್ಲ. ದರ್ಗಾಗಳಿಗೆ ನಡೆದುಕೊಳ್ಳುವ ಬರೇಲ್ವಿ ಪಂಗಡದವನು.

ಆ ಜನಸಾಗರದಲ್ಲಿದ್ದವರು ಬಾಂಬು ಕಟ್ಟಿಕೊಂಡವರಲ್ಲ. ಅಂಗಡಿಯವರು, ಮೇಷ್ಟರು, ಮನೆಯಲ್ಲಿ ಮಕ್ಕಳನ್ನು ಮುದ್ದಿಸುವವರು. ನಾವು ಸಾಮಾನ್ಯರು ಅನ್ನುತ್ತೇವಲ್ಲ, ಅವರು. ಮುಂಬಯಿಯಲ್ಲಿ ಜನ ವಕಾಲತ್ತು ಕೊಡಲಿಲ್ಲ. ರಾವಲ್ಪಿಂಡಿಯಲ್ಲಿ ಅಪಾರ ಜನ ಸಹಿ ಹಾಕಿ ಕೊಟ್ಟರು. ಎರಡೂ ಇಸ್ಲಾಮಿನ ಜನರೇ. ಹಾಗಾಗಿ ಉಗ್ರರು ಇಸ್ಲಾಮನ್ನು ಪ್ರತಿನಿಧಿಸುತ್ತಾರಾ ಎಂಬ ಪ್ರಶ್ನೆಗೆ ಗ್ರಂಥ ತೆರೆದು ಒಂದೇ ಸಲಕ್ಕೆ ಉತ್ತರ ಹೇಳಿ ಮುಗಿಸುವುದಕ್ಕೆ ಆಗುವುದಿಲ್ಲ ಅಂತ ನನಗನಿಸುತ್ತದೆ. ಕೊಲೆಗಾರ ಹೆಸರು ಬಳಸಿಕೊಳ್ಳುತ್ತಾನೆ. ಬದುಕಿರುವ ಜನ ಅದನ್ನು ಕೊಡುತ್ತಾರೆ ಅಥವಾ ಕಿತ್ತುಕೊಳ್ಳುತ್ತಾರೆ. ಅದೇ ಪಾಕಿಸ್ತಾನದ ಸುಪ್ರೀಂ ಕೋರ್ಟು 2018ರಲ್ಲಿ ಆಸಿಯಾ ಬೀಬಿಯನ್ನು ಬಿಡುಗಡೆ ಮಾಡಿತು. ಬೀದಿಯಲ್ಲಿ ಕೊಲೆ ಬೆದರಿಕೆ ಹಾಕುತ್ತಿದ್ದರೂ ನ್ಯಾಯಮೂರ್ತಿಗಳು ಕುರಾನ್, ಪ್ರವಾದಿಯ ನಡೆನುಡಿಗಳ ದಾಖಲೆಯಾದ ಹದೀಸ್‌ಗಳನ್ನೇ ಉಲ್ಲೇಖಿಸಿ ತೀರ್ಪು ಬರೆದರು. ಕಿತ್ತುಕೊಳ್ಳುವುದು ಎಂದರೆ ಇದು. ಪ್ರಾಣ ಪಣಕ್ಕಿಟ್ಟು ಮಾಡುವ ಕೆಲಸ.

"ಮುಸ್ಲಿಮರು ಯಾಕೆ ಖಂಡಿಸುವುದಿಲ್ಲ?" ಎಂದು ಕೇಳುವವರು ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ತುಂಬಾ ಜನ. ಮುಂಬಯಿ ದಾಳಿಗೂ ಮೊದಲೇ, 2008ರ ಫೆಬ್ರವರಿಯಲ್ಲಿ, ದೇವಬಂದ್‌ನ ಇಸ್ಲಾಮಿ ವಿದ್ಯಾಪೀಠ ದಾರುಲ್ ಉಲೂಮ್‌ನಲ್ಲಿ ದೇಶದ ಎಲ್ಲ ಕಡೆಯಿಂದ ಸಾವಿರಾರು ಉಲೇಮಾಗಳು ಸೇರಿ ಭಯೋತ್ಪಾದನೆ ಇಸ್ಲಾಮಿಗೆ ವಿರುದ್ಧ ಎಂದು ಘೋಷಿಸಿದ್ದರು. ಮೇ 31ರಂದು ದೆಹಲಿಯ ರಾಮಲೀಲಾ ಮೈದಾನದಲ್ಲಿ ಭಯೋತ್ಪಾದನೆಯ ವಿರುದ್ಧ ಫತ್ವಾವೂ ಬಂತು. ಎಷ್ಟು ಜನಕ್ಕೆ ನೆನಪಿದೆ? ಖಂಡಿಸಿದ್ದನ್ನು ಕೇಳಿಸಿಕೊಳ್ಳದವರು ಮತ್ತೆ ಮತ್ತೆ ಖಂಡಿಸಿ ಅನ್ನುತ್ತಾರೆ.

2015ರಲ್ಲಿ ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿ ಅವರನ್ನು ಮನೆ ಬಾಗಿಲಲ್ಲೇ ಕೊಂದರು. ಎರಡು ವರ್ಷದ ನಂತರ ಬೆಂಗಳೂರಿನಲ್ಲಿ ಗೌರಿ ಲಂಕೇಶ್ ಅವರನ್ನು ಹಾಗೆಯೇ ಕೊಂದರು. ಪೊಲೀಸರ ಆರೋಪಪಟ್ಟಿಯಲ್ಲಿ ಇರುವವರು ನನ್ನ ಧರ್ಮದ ಹೆಸರು ಹೇಳುವವರು. ಆಫೀಸಿನಲ್ಲಿ, ಬಸ್ಸಿನಲ್ಲಿ, ಮದುವೆ ಮನೆಯಲ್ಲಿ ಒಬ್ಬರೂ ನನ್ನ ಹತ್ತಿರ ಬಂದು, "ನೀವು ಖಂಡಿಸಿದಿರಾ?" ಎಂದು ಕೇಳಲಿಲ್ಲ. ಕೇಳಿದ್ದರೆ ನನಗೆ ಸಿಟ್ಟು ಬರುತ್ತಿತ್ತು. ಆ ಸಿಟ್ಟು ನ್ಯಾಯ ಅನ್ನುವುದಾದರೆ, ನಮ್ಮ ಮುಸ್ಲಿಂ ಸಹೋದ್ಯೋಗಿಗೆ ಬರುವ ಸಿಟ್ಟೂ ನ್ಯಾಯವೇ ಅಲ್ವಾ?

2025ರ ಏಪ್ರಿಲ್ 22ರಂದು ಪಹಲ್ಗಾಮ್‌ನ ಬೈಸರನ್ ಹುಲ್ಲುಗಾವಲಿನಲ್ಲಿ 26 ಜನರನ್ನು ಕೊಂದರು. ಧರ್ಮ ಕೇಳಿ ಕೊಂದರು ಎಂದು ಬದುಕಿ ಬಂದವರು ಹೇಳಿದರು. ಸತ್ತವರಲ್ಲಿ ನಮ್ಮ ರಾಜ್ಯದವರೂ ಇದ್ದರು, ಪ್ರವಾಸಿಗರನ್ನು ಕಾಪಾಡಲು ಹೋದ ಸ್ಥಳೀಯ ಮುಸ್ಲಿಂ ಕುದುರೆಯವನೂ ಇದ್ದ. ಗಂಡನನ್ನು ಕಣ್ಣೆದುರೇ ಕಳೆದುಕೊಂಡ ಕರ್ನಾಟಕದ ಹೆಣ್ಣುಮಗಳೊಬ್ಬರು ಅಂಥ ಹೊತ್ತಿನಲ್ಲೂ ಒಂದು ಮಾತು ಹೇಳಿದರು: ಬಿಸ್ಮಿಲ್ಲಾ, ಬಿಸ್ಮಿಲ್ಲಾ ಎನ್ನುತ್ತ ಮೂವರು ಸ್ಥಳೀಯರು ತನ್ನನ್ನು ಅಲ್ಲಿಂದ ಪಾರು ಮಾಡಿದರು ಎಂದು. ಆ ದುಃಖದಲ್ಲಿ ಅಷ್ಟು ನೆಟ್ಟಗೆ ನೋಡುವುದು ಸುಲಭ ಅಲ್ಲ. ಮಾರನೆಯ ದಿನ ಕಾಶ್ಮೀರ ಕಣಿವೆ ಕೊಲೆಗಾರರ ವಿರುದ್ಧ ಬಾಗಿಲು ಹಾಕಿ ಬಂದ್ ಆಚರಿಸಿತು. ಪತ್ರಿಕೆಗಳು ಮುಖಪುಟವನ್ನು ಕಪ್ಪಾಗಿಸಿದವು. ಆದರೆ ಅದೇ ವಾರ ಬೇರೆ ರಾಜ್ಯಗಳಲ್ಲಿ ಓದುತ್ತಿದ್ದ ಕಾಶ್ಮೀರಿ ವಿದ್ಯಾರ್ಥಿಗಳಿಗೆ ಹೊಡೆತ, ಬೆದರಿಕೆ. ಧರ್ಮ ಕೇಳಿ ಕೊಂದವನಿಗೆ ಬೇಕಾಗಿದ್ದದ್ದೂ ಅದೇ. ನೀವು ನಮ್ಮವರಲ್ಲ ಎಂದು ಇಲ್ಲಿಯವರಿಂದಲೇ ಹೇಳಿಸಿದರೆ ಅವನ ಅರ್ಧ ಕೆಲಸ ಮುಗಿದ ಹಾಗೆ.

ನಮ್ಮ ಕರಾವಳಿಯ ಭಟ್ಕಳದ ಕಥೆಯೂ ಇದೇ. ಇಂಡಿಯನ್ ಮುಜಾಹಿದೀನ್ ಎಂಬ ಉಗ್ರರ ಗುಂಪಿನ ರಿಯಾಜ್ ಮತ್ತು ಯಾಸೀನ್ ಈ ಊರಿನಲ್ಲಿ ಹುಟ್ಟಿದವರು. ಆ ಗುಂಪಿನ ಹೆಸರಿನಲ್ಲಿ ನಡೆದ ಸ್ಫೋಟಗಳಲ್ಲಿ ಬಹಳ ಜನ ಸತ್ತರು. 2008ರ ಜುಲೈನಲ್ಲಿ ಅಹಮದಾಬಾದಿನಲ್ಲಿ ಗಾಯಾಳುಗಳನ್ನು ತರುತ್ತಿದ್ದ ಆಸ್ಪತ್ರೆಯಲ್ಲೂ ಬಾಂಬು ಇಟ್ಟಿದ್ದರು. 2013ರ ಹೈದರಾಬಾದ್ ದಿಲ್‌ಸುಖ್‌ನಗರ ಸ್ಫೋಟದಲ್ಲಿ ಯಾಸೀನನಿಗೆ ಮರಣದಂಡನೆ ಆಗಿದೆ. 2025ರಲ್ಲಿ ತೆಲಂಗಾಣ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ. ಇದರಲ್ಲಿ ಮುಚ್ಚಿಡುವುದಕ್ಕೆ ಏನೂ ಇಲ್ಲ. ಆದರೆ ಅವರ ಮನೆತನದ ಹೆಸರು ಭಟ್ಕಳ ಅಲ್ಲ. ಒಬ್ಬ ಶಾಬಂದ್ರಿ, ಇನ್ನೊಬ್ಬ ಸಿದ್ದಿಬಾಪ. ಪೊಲೀಸ್ ಕಡತದಿಂದ ಟಿವಿಗೆ, ಟಿವಿಯಿಂದ ಪತ್ರಿಕೆಗೆ ಬರುವ ಹೊತ್ತಿಗೆ ಊರಿನ ಹೆಸರೇ ಅವರ ಅಡ್ಡಹೆಸರಾಗಿ ಅಂಟಿತು.

ಭಟ್ಕಳವನ್ನು ನೋಡಿದವರಿಗೆ ಗೊತ್ತು. ಬಸ್ ಇಳಿದರೆ ಮಲ್ಲಿಗೆ ಘಮ. ಚಿನ್ನದ ಪಳ್ಳಿ ಎಂದು ಕರೆಸಿಕೊಳ್ಳುವ ಹಳೆಯ ಜಾಮಿಯಾ ಮಸೀದಿ, ಅದೇ ಊರಲ್ಲಿ ಖೇತಪೈ ನಾರಾಯಣ ಗುಡಿಯ ಕಲ್ಲಿನ ಕೆತ್ತನೆ, ಜಟ್ಟಪ್ಪ ನಾಯಕನ ಬಸದಿ. ಅರಬ್ ವ್ಯಾಪಾರಿಗಳ ಕಾಲದಿಂದ ಬೆಳೆದ ನವಾಯತ ಮುಸ್ಲಿಮರು ಮನೆಯಲ್ಲಿ ಆಡುವುದು ಕೊಂಕಣಿಗೆ ಹತ್ತಿರದ ನುಡಿ. 1919ರಲ್ಲೇ ಅಂಜುಮನ್ ಸಂಸ್ಥೆ ಕಟ್ಟಿ ಶಾಲೆ ತೆರೆದ ಜನ. ಊರಿಗೆ ಕಷ್ಟದ ದಿನಗಳೂ ಇದ್ದವು. 1993ರ ಗಲಭೆ ತಿಂಗಳುಗಟ್ಟಲೆ ನಡೆಯಿತು, 1996ರಲ್ಲಿ ಶಾಸಕ ಡಾ. ಚಿತ್ತರಂಜನ್ ಅವರ ಕೊಲೆ ಆಯಿತು. ಆ ಗಾಯ ಎರಡೂ ಕಡೆಯವರಿಗೂ ಇದೆ.

ನನಗೆ ಅಲ್ಲಿಯ ಒಬ್ಬ ಗೆಳೆಯ ಇದ್ದಾನೆ. ಅವನ ತಾಯಿ ಮಾಡುವ ಶಾವಿಗೆ ಬಿರಿಯಾನಿಯ ರುಚಿ ನಾಲಿಗೆಯಲ್ಲಿ ಇನ್ನೂ ಇದೆ. ಕೆಲಸದ ಮೇಲೆ ಬೇರೆ ಊರಿಗೆ ಹೋದಾಗ ಲಾಡ್ಜಿನಲ್ಲಿ ಆಧಾರ್ ಕಾರ್ಡ್ ಕೊಟ್ಟನಂತೆ. ಕೌಂಟರಿನವನು ವಿಳಾಸ ಓದಿದ, ಮುಖ ನೋಡಿದ, ಒಳಗೆ ಹೋಗಿ ಯಾರ ಜೊತೆಗೋ ಮಾತಾಡಿ ಬಂದು ರೂಮ್ ಖಾಲಿ ಇಲ್ಲ ಎಂದ. ಎರಡು ನಿಮಿಷದ ಹಿಂದೆ ಇತ್ತು. ನಾನು ಕೇಳಿ ಕೆಂಡವಾದೆ. ಅವನು ಮಾತ್ರ ತಣ್ಣಗೆ ಹೇಳಿದ, "ಎಂತಾ ಮಾಡೂದು ಮಾರಾಯಾ, ಊರು ಬದ್ಲು ಮಾಡೂಕೆ ಆಗ್ತದಾ?"

ರೂಮು ಸಿಗದಿದ್ದರೆ ಇನ್ನೊಂದು ಲಾಡ್ಜು ಸಿಗುತ್ತದೆ. ಇದೇ ಸಂಶಯ ದೊಡ್ಡದಾದರೆ ಏನಾಗುತ್ತದೆ ಎನ್ನುವುದಕ್ಕೂ ನಮ್ಮ ರಾಜ್ಯದಲ್ಲೇ ಉದಾಹರಣೆ ಇದೆ. ಕಲಬುರಗಿಯಲ್ಲಿ ಫಾರ್ಮಸಿ ಓದುತ್ತಿದ್ದ ಹುಡುಗನೊಬ್ಬನನ್ನು ರೈಲು ಸ್ಫೋಟದ ಪ್ರಕರಣದಲ್ಲಿ 1994ರಲ್ಲಿ ಹಿಡಿದರು. ಸುಪ್ರೀಂ ಕೋರ್ಟು ನಿರ್ದೋಷಿ ಎಂದು ಬಿಟ್ಟದ್ದು 2016ರಲ್ಲಿ. ಹುಡುಗನಾಗಿ ಒಳಗೆ ಹೋದವನು ನಲವತ್ತು ದಾಟಿ ಹೊರಗೆ ಬಂದ.

ಕೊಲೆಗಾರರ ಹೆಸರಿನ ಜೊತೆ ತಮ್ಮ ಊರಿನ ಹೆಸರು ಸೇರಿಸಬೇಡಿ ಎಂದು ಭಟ್ಕಳದ ಮುಸ್ಲಿಂ ಸಂಘಟನೆಗಳು ಮಾಧ್ಯಮಗಳನ್ನು ಕೇಳಿಕೊಂಡಿವೆ. ಮುಂಬಯಿಯ ಟ್ರಸ್ಟು ಮಣ್ಣು ಕೊಡಲಿಲ್ಲ, ಇವರು ಹೆಸರು ಕೊಡುವುದಿಲ್ಲ ಅನ್ನುತ್ತಿದ್ದಾರೆ. ಕನ್ನಡ ಪತ್ರಿಕೆಗಳಲ್ಲಿ, ಚಾನೆಲ್ಲುಗಳಲ್ಲಿ ಕೆಲಸ ಮಾಡುವ ಗೆಳೆಯರು ಇದನ್ನು ಓದುತ್ತಿದ್ದರೆ ನನ್ನದೂ ಅದೇ ಕೋರಿಕೆ. ಶಾಬಂದ್ರಿ, ಸಿದ್ದಿಬಾಪ ಎಂದು ಬರೆದರೂ ಆ ಮನೆತನಗಳ ನೂರಾರು ಜನ ತಲೆ ತಗ್ಗಿಸಬೇಕಾಗುತ್ತದೆ. ಯಾಸೀನ್ ಎಂದಷ್ಟೇ ಬರೆಯಿರಿ, ದಿಲ್‌ಸುಖ್‌ನಗರ ಸ್ಫೋಟದ ಅಪರಾಧಿ ಎಂದು ಸೇರಿಸಿ. ಯಾರ ಬಗ್ಗೆ ಮಾತಾಡುತ್ತಿದ್ದೀರಿ ಎಂದು ಓದುಗರಿಗೆ ತಿಳಿಯುತ್ತದೆ.